ಇಲ್ಲದ ಯಂತ್ರದ ಅರ್ಜಿ

"ಸಹಿ ನನ್ನದೇ ಮೇಡಂ, ಬರಹ ಮಾತ್ರ ನನ್ನದಲ್ಲ," ಎನ್ನುತ್ತ ಬಸ್ ಡಿಪೋದ ವೈದ್ಯರು ಠಾಣೆಯ ಮೇಜಿನ ಮೇಲೆ ಹಾಳೆ ಇಟ್ಟರು. "ಇದರಲ್ಲಿರೋ ಡ್ರೈವರಿಗೆ ಪಕ್ಕದ ನೋಟ ಹೋಗಿದೆ, ಬಸ್ ಕೊಡಬೇಡಿ ಅಂತ ನಿನ್ನೆ ಬೆಳಗ್ಗೆ ಕಂಪ್ಯೂಟರಿಗೆ ಹಾಕಿದ್ದೆ. ಇವತ್ತು ನೋಡಿದ್ರೆ ಕೊಡಬಹುದು ಅಂತಿದೆ. ಸಂಜೆ ನಾಲ್ಕಕ್ಕೆ ಐವತ್ತು ಜನರನ್ನ ಕೂರಿಸ್ಕೊಂಡು ಹೊರಡ್ತಾನೆ."

"ಡಿಪೋದವರು ತಡೆಯಲ್ವಾ?"

"ಕಂಪ್ಯೂಟರ್ ಹೇಳಿದ್ದೇ ಅವರಿಗೆ ವೇದ. ಪುರಾವೆ ತನ್ನಿ ಅಂತಾರೆ."

10.20ಕ್ಕೆ ಎಫ್‌ಐಆರ್ ದಾಖಲಾಯಿತು. 11.05ಕ್ಕೆ ಇನ್‌ಸ್ಪೆಕ್ಟರ್ ಮೇಡಂ ಪೇದೆಯೊಂದಿಗೆ ಡಿಪೋದ ಕಂಪ್ಯೂಟರ್ ಕೋಣೆಯಲ್ಲಿದ್ದರು. ಅದನ್ನು ನೋಡಿಕೊಳ್ಳುವವನಿಗೆ ಎಲ್ಲರೂ ಇಟ್ಟ ಹೆಸರು ಚಿಲಕ. ಕಂಡದ್ದಕ್ಕೆಲ್ಲ ಬೀಗ ಹಾಕುವ ಆಸಾಮಿ.

"ನನ್ನ ಮೇಲೇ ಅನುಮಾನ ಅಂತ ಗೊತ್ತು," ಎಂದ ಅವನು. "ಆದ್ರೆ ಕೇಳಿ. ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನಲ್ ಅಂತಿರುತ್ತೆ, ಎಲ್ಲಾ ಯಜಮಾನಿಕೆ ಅದರದ್ದೇ. ಅದಕ್ಕೆ ಹೊಸ ಪ್ರೋಗ್ರಾಂ ತುಂಡು ಸೇರಿಸೋ ಸೌಲಭ್ಯ ಇದೆ. ಸೇರಿದ ತುಂಡು ಯಾವ ಕಡತ ಬೇಕಾದ್ರೂ ತಿದ್ದುತ್ತೆ, ತಿದ್ದಿದ್ದು ಯಾರು ಅಂತ ಗುರುತೂ ಉಳಿಸಲ್ಲ. ಅದಕ್ಕೇ ಆ ಸೌಲಭ್ಯ ಬಂದ್ ಮಾಡಿದೀನಿ."

"ಪೂರ್ತಿ?"

ಚಿಲಕ ತಲೆ ಕೆರೆದುಕೊಂಡ. "ಒಂದು ಬಿಟ್ಟು. ಕಣ್ಣು ಪರೀಕ್ಷೆಯ ಹಳೇ ಯಂತ್ರ ಅದರ ತುಂಡಿಲ್ಲದೆ ನಡೆಯಲ್ಲ. ಅಲ್ಲಿನ ಅಕ್ಕ ತಿಂಗಳು ತಿಂಗಳು ಅರ್ಜಿ ಕೊಡ್ತಾರೆ, ನಾನು ಒಪ್ಪಿಗೆ ಹಾಕ್ತೀನಿ."

"ಆ ತುಂಡು ಕೊನೆಗೆ ಸೇರಿದ್ದು?"

"ನಿನ್ನೆ ಮಧ್ಯಾಹ್ನ 1.12. ಸೇರಿದ ಹೊತ್ತು ಮಾತ್ರ ದಾಖಲಾಗುತ್ತೆ."

"ಊಟದ ಹೊತ್ತಲ್ಲಿ ಯಾರ ಕಣ್ಣು ನೋಡಿದ್ರೋ!" ಎಂದ ಪೇದೆ.

"ಯಂತ್ರ ತೋರಿಸು," ಎಂದರು ಮೇಡಂ.

ಯಂತ್ರ ಇರಲಿಲ್ಲ. ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಹೊಸ ಯಂತ್ರವಿತ್ತು, ಪಕ್ಕದ ಮೇಜಿನ ಮೇಲೆ ಹಳೆಯದರ ನಾಲ್ಕು ಕಾಲಿನ ಗುರುತಷ್ಟೇ ಉಳಿದಿತ್ತು. ಗುಜರಿಗೆ ಹೋಗಿ ಎರಡು ತಿಂಗಳಾಯಿತೆಂದು ಉಗ್ರಾಣದ ಪುಸ್ತಕ ಹೇಳಿತು. ಆಮೇಲೂ ಎರಡು ಅರ್ಜಿ ಬಂದಿದ್ದವು, ಅಕ್ಕನ ಅದೇ ಅಕ್ಷರದಲ್ಲಿ.

"ಒಂದ್ಸಲ ಬಂದು ಇಣುಕಿ ನೋಡ್ಲಿಲ್ವಲ್ಲ ನಾನು!" ಎಂದ ಚಿಲಕ.

1.30ಕ್ಕೆ ಪಂಚನಾಮೆ ಮುಗಿಯಿತು. ಮೇಡಂ ಕಣ್ಣು ಪರೀಕ್ಷೆಯ ಅಕ್ಕನ ಎದುರು ಕುರ್ಚಿ ಎಳೆದುಕೊಂಡರು.

"ಇಲ್ಲದ ಯಂತ್ರಕ್ಕೆ ಅರ್ಜಿ ಯಾಕಮ್ಮ?"

"ಅಭ್ಯಾಸಬಲ."

"ನಿನ್ನೆ ಊಟದ ಹೊತ್ತಲ್ಲಿ ಈ ಕೋಣೆಯ ಬೀಗದ ಕೈ?"

"ನನ್ನ ಹತ್ತಿರಾನೇ."

"ಡ್ರೈವರ್ ನಿಮಗೇನಾಗಬೇಕು?"

"ತಮ್ಮ. ಅವನ ನೋಟ ಹೋಗ್ತಿದೆ ಅಂತ ಮೊದಲು ಗೊತ್ತಾಗಿದ್ದೇ ನನಗೆ. ಅವನ ಪರೀಕ್ಷೆಯ ದಿನ ಆ ತುಂಡು ಬೇಕಾಗುತ್ತೆ ಅಂತ ಅರ್ಜಿ ನಿಲ್ಲಿಸ್ಲಿಲ್ಲ. ಅದರಿಂದ ಕಡತ ತಿದ್ದೋ ಮರ್ಮ ಹಿಂದೆ ರಿಪೇರಿಗೆ ಬಂದವನು ಹೇಳ್ಕೊಟ್ಟಿದ್ದ."

"ಐವತ್ತು ಜನ, ಅಕ್ಕಾ."

"ಸ್ಟೀರಿಂಗ್ ಬಿಟ್ರೆ ಅವನಿಗೆ ಬೇರೇನೂ ಗೊತ್ತಿಲ್ಲ ಮೇಡಂ. ಅವನ ಮುಖ ನೋಡಿದ್ರೆ ಐವತ್ತು ಜನ ನೆನಪಾಗ್ತಿರ್ಲಿಲ್ಲ."

ಹೇಳಿಕೆಯಲ್ಲಿ ಕಾರಣ ಎಂಬಲ್ಲಿ ಮೇಡಂ ಆ ಮಾತನ್ನು ಹಾಗೇ ಬರೆಸಿಕೊಂಡರು. 3.25ಕ್ಕೆ ಬಂಧನ. ನಾಲ್ಕರ ಬಸ್ಸಿಗೆ ಬೇರೆ ಡ್ರೈವರ್ ಹತ್ತಿದ.

ಅಂಗಳದಲ್ಲಿ ತಮ್ಮ ಓಡಿಬಂದ. "ಅಕ್ಕನ್ನ ಜೀಪಿಗೆ ನಾನೇ ಹತ್ತಿಸ್ತೀನಿ, ಬಿಡಿ ಸಾರ್."

"ಹತ್ತಿಸಪ್ಪ," ಎಂದು ಪೇದೆ ಸರಿದು ನಿಂತ.

ಜೀಪಿನ ಪಕ್ಕದ ಹಿಡಿಕೆಗೆಂದು ಚಾಚಿದ ಅವನ ಕೈ ಎರಡು ಸಲ ಬರಿಯ ತಗಡನ್ನು ತಡವಿತು. ಅಕ್ಕ ಆ ಕೈ ಹಿಡಿದು ಹಿಡಿಕೆಯ ಮೇಲಿಟ್ಟಳು.