ಕೇಳದೆ ಮಾಡಿದ ಕಾಪಿ

"ಇದು ಕಂಪ್ಯೂಟರಾ, ಹಿಟ್ಟಿನ ಗಿರಣಿಯಾ?"

ಧಡ್! ಆ ಕಬ್ಬಿಣದ ಡಬ್ಬವನ್ನು ಅವಳು ಮೇಜಿನ ಮೇಲೆ ಇಳಿಸಿದ ರಭಸಕ್ಕೆ ಅಂಗಡಿಯವನ ಟೀ ಲೋಟ ಉರುಳಿಯೇಹೋಯಿತು.

ದೊಡ್ಡ ಕಚೇರಿಗಳು ಬೇಡವೆಂದು ಹೊರಹಾಕಿದ ಸರ್ವರ್‌ಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ಅದು. ಹಿಂದಿನ ದಿನ ಅವನು ಇಲ್ಲದ ಹೊತ್ತಿನಲ್ಲಿ ಅವನ ಪಾಲುದಾರ ಈ ಡಬ್ಬವನ್ನು ಇವಳಿಗೆ ದಾಟಿಸಿಬಿಟ್ಟಿದ್ದ. ಬೈಸಿಕೊಳ್ಳುವ ಭಾಗ್ಯ ಮಾತ್ರ ಇವನದಾಯಿತು.

"ಆನ್ ಮಾಡಿದ್ರೆ ಗೋಡೆ ನಡುಗುತ್ತೆ! ಪಕ್ಕದ ಮನೆಯವರು ಬಂದು ಬಾಗಿಲು ಬಡಿದ್ರು, ಗೊತ್ತಾ ನಿಮಗೆ?"

"ಮೇಡಂ, ಇದು ಆಫೀಸಿನ ನೆಲಮಾಳಿಗೇಲಿ ಬೀಗ ಹಾಕಿ ಇಡೋ ಮೆಶಿನ್ನು. ಇದನ್ನ ಮನೇಲಿ ಯಾಕೆ..." ಅವನಿಗೆ ನಗು ತಡೆಯಲಾಗಲಿಲ್ಲ.

ಆ ನಗು ನೋಡಿದ್ದೇ ತಡ, ಅವಳ ಕಣ್ಣು ತುಂಬಿಬಂತು.

"ನಗಬೇಡಿ... ಇದರ ಗದ್ದಲದಲ್ಲಿ ನಮ್ಮಕ್ಕನ ಧ್ವನಿ ರೆಕಾರ್ಡ್ ಮಾಡೋಕೆ ಆಗ್ತಿಲ್ಲ. ಅವಳಿಗೆ ಉಳಿದಿರೋದೇ ಸ್ವಲ್ಪ ದಿನದ ಧ್ವನಿ."

ಅವನ ನಗು ಅಲ್ಲೇ ಸತ್ತುಹೋಯಿತು. ಒದ್ದೆ ಮೇಜನ್ನು ಒರೆಸುವುದನ್ನೂ ಮರೆತು ಅವಳಿಗೆ ಕುರ್ಚಿ ಎಳೆದುಕೊಟ್ಟ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆದು ಫ್ರೇಮಿಗೆ ಕೂರಿಸುವವಳು. ಅಪ್ಪ ಅಮ್ಮ ಹೋದಮೇಲೆ ಅಕ್ಕನೇ ಅವಳಿಗೆ ಎಲ್ಲ. ಜಡೆ ಹೆಣೆದವಳೂ ಅಕ್ಕ, ಪರೀಕ್ಷೆಗೆ ಎಬ್ಬಿಸಿದವಳೂ ಅಕ್ಕ, ಬೈದು ಬೈದು ದಾರಿಗೆ ತಂದವಳೂ ಅಕ್ಕ. ಈಗ ಆ ಅಕ್ಕನ ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಹೇಳಿಬಿಟ್ಟಿದ್ದರು.

ಒಂದು ದಾರಿಯಿತ್ತು. ಆಪರೇಷನ್ನಿಗೆ ಮೊದಲೇ ಅಕ್ಕ ಸಾಕಷ್ಟು ಮಾತಾಡಿ ರೆಕಾರ್ಡ್ ಮಾಡಿಟ್ಟರೆ, ಕಂಪ್ಯೂಟರ್ ಅದನ್ನು ಕೇಳಿ ಕಲಿಯುತ್ತದೆ. ಆಮೇಲೆ ಅಕ್ಕ ಏನು ಟೈಪ್ ಮಾಡಿದರೂ ಅವಳದೇ ಧ್ವನಿಯಲ್ಲಿ ಹೇಳುತ್ತದೆ. ಇದನ್ನು ಮಾಡಿಕೊಡುವ ಕಂಪನಿಗಳೂ ಇದ್ದವು. ಆದರೆ ಅಕ್ಕ ಒಪ್ಪಬೇಕಲ್ಲ!

"ಯಾರ್ಯಾರದೋ ಮೆಶಿನ್ನಲ್ಲಿ ನನ್ನ ಧ್ವನಿ ಕೂರೋದು ಬೇಡ ಕಣೇ. ನಾಳೆ ಯಾರೋ ನನ್ನ ಧ್ವನೀಲಿ ನಿಂಗೆ ಫೋನ್ ಮಾಡಿದ್ರೆ? ಗಂಟಲು ಹೋಗ್ಲಿ, ಧ್ವನಿ ಈ ಮನೆ ದಾಟಬಾರದು. ಮಾತು ಕೊಡು."

ತಂಗಿ ಮಾತು ಕೊಟ್ಟಳು. ಸರ್ವರ್ ಅಂದರೇನು ಎಂಬುದೇ ಗೊತ್ತಿಲ್ಲದ ಹುಡುಗಿ, ಮನೆಯಲ್ಲೇ ಸರ್ವರ್ ಇಡಲು ಹೊರಟದ್ದು ಹೀಗೆ.

ಅಂದೇ ಸಂಜೆ ಅವನು ಸದ್ದಿಲ್ಲದ ಒಂದು ಪುಟ್ಟ ಮೆಶಿನ್ನನ್ನು ಹೊತ್ತು ಅವರ ಮನೆಗೆ ಬಂದ. ಇಸ್ತ್ರಿ ಮೇಜು, ಹಳೆಯ ಸೂಟ್‌ಕೇಸು ತುಂಬಿದ್ದ ಸಾಮಾನಿನ ಕೋಣೆಯಲ್ಲಿ ಜಾಗ ಮಾಡಿಕೊಂಡ. ಅಕ್ಕ ಬಟ್ಟೆ ಬೀರುವಿನೊಳಗೆ ಸ್ಟೂಲ್ ಹಾಕಿಕೊಂಡು, ತೂಗುಹಾಕಿದ ಬಟ್ಟೆಗಳ ನಡುವೆ ಮೈಕ್ ಹಿಡಿದು ಕಾಯುತ್ತಿದ್ದಳು. ಅಲ್ಲಿ ಪ್ರತಿಧ್ವನಿ ಬರುವುದಿಲ್ಲವಂತೆ.

ಅಕ್ಕನಿಗೆ ಆತುರ. ಆ ಆತುರಕ್ಕೆ ಅವನು ತನ್ನ ಹೆಸರಿನ ಖಾತೆಯನ್ನೇ ಮೆಶಿನ್ನಿನಲ್ಲಿ ತೆರೆದು, ಅದರೊಳಗೇ ರೆಕಾರ್ಡಿಂಗ್ ಇಡಲು ಜಾಗ ಮಾಡಿದ. "ಸದ್ಯಕ್ಕೆ ಇಲ್ಲಿರಲಿ, ಆಮೇಲೆ ನಿಮ್ಮ ಖಾತೆಗೆ ಸಾಗಿಸೋಣ" ಎಂದ.

ಅಯ್ಯೋ, ಈ 'ಆಮೇಲೆ' ಎಂಬ ಪದ ಎಷ್ಟು ಮನೆ ಹಾಳುಮಾಡಿದೆಯೋ!

"ಎಲ್ಲಾ ನೀವೇ ಮಾಡಿಕೊಟ್ಬಿಡಿ, ಪ್ಲೀಸ್" ಎಂದಳು ಅವಳು.

"ನಾನು ಮಾಡಿದ್ರೆ ನಾನಿಲ್ಲದಾಗ ಕೆಟ್ಟರೆ ಏನು ಮಾಡ್ತೀರ? ಕೂತ್ಕೊಳ್ಳಿ. ಕಲೀರಿ."

ಅವಳು ಕಲಿತಳು. ಕಪ್ಪು ಪರದೆಯ ಮೇಲೆ ಆಜ್ಞೆ ಬರೆಯುವುದು, ಹೊರಗಿನವರು ನುಗ್ಗದಂತೆ ತಾನೊಬ್ಬಳೇ ಬಲ್ಲ ಗುಟ್ಟಿನ ಪದ ಹಾಕಿ ಬಾಗಿಲು ಮುಚ್ಚುವುದು, ಎರಡು ಡಿಸ್ಕ್‌ಗಳನ್ನು ಜೋಡಿ ಮಾಡುವುದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ತಾನಾಗಿ ಮೂಡುತ್ತದೆ. ಒಂದು ಕೆಟ್ಟರೆ ಇನ್ನೊಂದಿದೆ. ಆ ಜೋಡಿ ನೋಡಿದಾಗ ಅವಳ ಮನಸ್ಸಿಗೆ ಎಂಥ ಧೈರ್ಯ!

ಅಕ್ಕ ಅವನನ್ನು ಮೇಷ್ಟ್ರೇ ಎಂದು ಕರೆಯತೊಡಗಿದಳು.

"ಮೇಷ್ಟ್ರೇ, ನನ್ನ ಬೈಗುಳನೂ ರೆಕಾರ್ಡ್ ಆಗಲಿ. ಬರೀ ನಮಸ್ಕಾರ, ಧನ್ಯವಾದ ಹೇಳೋ ಮೆಶಿನ್ನು ನಂಗೆ ಬೇಡ. ನಾಳೆ ಇವಳನ್ನ ಬೈಯೋರು ಯಾರು?"

ಮೂವರೂ ನಕ್ಕರು. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅವನು ಸ್ಕ್ರೂ ತಿರುಗಿಸುವಾಗ ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು. 'ಛೇ! ಅಕ್ಕ ಈ ಸ್ಥಿತಿಯಲ್ಲಿರುವಾಗ ನನಗೇನಾಗಿದೆ? ಇವನು ಹೊರಟುನಿಂತರೆ ಮನೆ ಯಾಕೆ ಬಿಕೋ ಅನ್ನಿಸಬೇಕು?' ಅತ್ತ ಅವನ ಕಥೆಯೂ ಬೇರೆಯಲ್ಲ. ಕೆಲಸ ಮುಗಿದಿದ್ದರೂ ಯಾವುದೋ ವೈರ್ ಹಿಡಿದು ಕೂತಿರುತ್ತಿದ್ದ.

ಆಪರೇಷನ್ ದಿನ ಬಂದೇಬಿಟ್ಟಿತು. ಒಳಗೆ ಕರೆದೊಯ್ಯುವ ಮುಂಚೆ ಅಕ್ಕ ತಂಗಿಯ ಕೆನ್ನೆ ಹಿಂಡಿ, "ಜೋಪಾನವಾಗಿ ಇಟ್ಕೋ" ಎಂದಳು. ಅಕ್ಕನ ಬಾಯಿಂದ ತಂಗಿ ಕೇಳಿದ ಕೊನೆಯ ಮಾತು ಅದು.

ಮರುದಿನ ಮಧ್ಯಾಹ್ನ ಬಟ್ಟೆ ಒಯ್ಯಲು ಮನೆಗೆ ಬಂದವಳು ಸಾಮಾನಿನ ಕೋಣೆಗೆ ಇಣುಕಿದಳು. ಸರ್ವರಿನ ಹಸಿರು ದೀಪ ಪಟಪಟನೆ ಮಿನುಗುತ್ತಿತ್ತು. ಯಾರೂ ಏನೂ ಮಾಡುತ್ತಿಲ್ಲ, ಹಾಗಿದ್ದರೆ ಏನು ಓಡಾಡುತ್ತಿದೆ? ಅವನೇ ಕಲಿಸಿದ್ದ ಆಜ್ಞೆಯನ್ನು ಬರೆದು ನೋಡಿದಳು.

ಅಕ್ಕನ ರೆಕಾರ್ಡಿಂಗ್‌ಗಳು ಹೊರಗೆ ಹೋಗುತ್ತಿದ್ದವು. ಸೇರುತ್ತಿದ್ದ ವಿಳಾಸ... ಅವನ ಅಂಗಡಿ!

ಗಂಟಲು ಕಳೆದುಕೊಂಡು ಮಲಗಿರುವ ಅಕ್ಕನಿಗೆ ಕೊಟ್ಟ ಒಂದೇ ಒಂದು ಮಾತು! ಅದೂ ಉಳಿಯಲಿಲ್ಲವೇ?

ಅಂಗಡಿಗೆ ಹೇಗೆ ತಲುಪಿದಳೋ ಅವಳಿಗೇ ತಿಳಿಯದು.

"ನಮ್ಮಕ್ಕನ ಧ್ವನಿ ಇಲ್ಲಿದೆಯಾ?"

"ಇದೆ. ಬೀಗ ಹಾಕಿಕೊಂಡೇ ಬಂದಿದೆ, ಅದರ ಗುಟ್ಟಿನ ಪದ ನಿಮ್ಮ ಹತ್ರ ಮಾತ್ರ ಇರೋದು. ನಾನು ಒಂದಕ್ಷರ ಕೇಳಿಲ್ಲ. ಮನೆಗೆ ಬೆಂಕಿ ಬಿದ್ರೆ, ಕಳ್ಳತನ ಆದ್ರೆ ಅಂತ..."

"ಕಳ್ಳತನ ಆಗೇ ಹೋಯ್ತಲ್ಲ! ಕಳ್ಳ ನೀವೇ!"

"ಕೇಳಿ ಮಾಡ್ಬೇಕಿತ್ತು. ಅಕ್ಕ ಬೇಡ ಅಂತಾರೇನೋ ಅಂತ ಹೆದರಿ ಕೇಳಲಿಲ್ಲ. ತಪ್ಪಾಯ್ತು."

"ಅಳಿಸಿ. ನನ್ನ ಕಣ್ಮುಂದೆ. ಮತ್ತೆ ವಾಪಸ್ ಬರಬಾರದು, ಹಾಗೆ ಅಳಿಸಿ!"

"ದಯವಿಟ್ಟು ಒಂದು ಮಾತು ಕೇಳಿ. ಮನೆ ಹೊರಗೆ ಇರೋದು ಇದೊಂದೇ..."

"ನಮ್ಮನೇಲಿ ಎರಡು ಡಿಸ್ಕ್ ಇದೆ. ನಿಮ್ಮ ದಯೆ ಬೇಡ. ಅಳಿಸಿ!"

ಅವನು ಅಳಿಸಿದ. ಖಾಲಿಯಾದ ಜಾಗದ ಮೇಲೆ ಸೊನ್ನೆಗಳನ್ನು ತುಂಬುವವರೆಗೂ ಅವಳು ನಿಂತು ನೋಡಿದಳು.

ಮನೆಗೆ ಬಂದವಳೇ ಸರ್ವರಿನ ಮುಂದೆ ಕುಳಿತಳು. ಇನ್ನು ಆ ಮನುಷ್ಯನ ನೆರಳೂ ಇಲ್ಲಿರಕೂಡದು! ಅವನ ಖಾತೆಯನ್ನು, ಅದರಲ್ಲಿರುವ ಸಮಸ್ತದ ಸಮೇತ ತೆಗೆದುಹಾಕು ಎಂದು ಆಜ್ಞೆ ಬರೆದು ಗುಂಡಿ ಒತ್ತಿದಳು.

ಮನಸ್ಸಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಕ್ಕನ ಧ್ವನಿಯನ್ನಾದರೂ ಕೇಳೋಣವೆಂದು ರೆಕಾರ್ಡಿಂಗ್ ತೆರೆಯಹೊರಟಳು.

ಇಲ್ಲ.

ಮತ್ತೆ ನೋಡಿದಳು. ಇಲ್ಲ! 'ಆಮೇಲೆ ಸಾಗಿಸೋಣ' ಎಂದದ್ದನ್ನು ಇಬ್ಬರೂ ಮರೆತಿದ್ದರು. ಅಕ್ಕನ ಮಾತೆಲ್ಲ ಇದ್ದದ್ದು ಅವನ ಖಾತೆಯೊಳಗೇ.

ಎರಡನೆಯ ಡಿಸ್ಕ್ ಇದೆಯಲ್ಲ... ಅದನ್ನೂ ತೆರೆದಳು. ಅದೂ ಖಾಲಿ. ಕನ್ನಡಿಯ ಮುಂದೆ ನಿಂತು ಜಡೆ ಕತ್ತರಿಸಿಕೊಂಡರೆ ಕನ್ನಡಿಯೊಳಗಿನವಳ ಜಡೆ ಉಳಿಯುತ್ತದೆಯೇ? ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದೂ ನಿಷ್ಠೆಯಿಂದ ಅಳಿಸಿತ್ತು. ಅಂಗಡಿಯಲ್ಲಿದ್ದ ಮೂರನೆಯ ಕಾಪಿಯನ್ನು ಅವಳೇ ಹಟ ಹಿಡಿದು ಅಳಿಸಿಸಿ ಬಂದಿದ್ದಳು.

"ಅಕ್ಕಾ..."

ನೆಲದ ಮೇಲೆ ಕುಸಿದಳು. ಅಳು ಬರಲಿಲ್ಲ, ಉಸಿರೇ ಬರಲಿಲ್ಲ. ಅಷ್ಟರಲ್ಲಿ ಫೋನಿಗೆ ಅಕ್ಕನ ಮೆಸೇಜು. 'ನನ್ನ ಮೆಶಿನ್ನು ಯಾವಾಗ ಮಾತಾಡುತ್ತೆ? ನರ್ಸಿಗೆ ಬೈಯೋದಿದೆ.'

ಅವಳು ಫೋನನ್ನು ಎದೆಗೊತ್ತಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡಳು. ಹೋಗಿ ಏನೆಂದು ಹೇಳಲಿ? ನಿನ್ನ ಧ್ವನಿಯನ್ನು ವೈದ್ಯರು ತೆಗೆದರು, ಉಳಿದದ್ದನ್ನು ನಾನು ತೆಗೆದೆ ಎನ್ನಲೇ? ಇನ್ನೊಂದು ಸಲ ಮಾತಾಡು ಎನ್ನಲು ಅವಳಿಗೆ ಗಂಟಲೇ ಇಲ್ಲವಲ್ಲ!

ಈ ಲೋಕದಲ್ಲಿ ಈಗ ಅವಳು ಕರೆಯಬಹುದಾಗಿದ್ದದ್ದು ಒಬ್ಬನನ್ನೇ. ಆಗಷ್ಟೇ ತಾನು ಬಾಯಿಗೆ ಬಂದಂತೆ ಬೈದಿದ್ದವನನ್ನು.

"ಹಲೋ..." ಎಂದಳು. ತೊದಲುತ್ತಾ ಹೇಗೋ ಹೇಳಿದಳು.

ಅವನು ಒಂದೇ ಪ್ರಶ್ನೆ ಕೇಳಿದ. "ಮೆಶಿನ್ನು ಆನ್ ಇದೆಯಾ?"

"ಹೂಂ..."

"ವೈರ್ ಕಿತ್ತು ಹಾಕಿ. ಆಫ್ ಮಾಡೋಕೆ ಹೋಗ್ಬೇಡಿ, ಆಗಲೂ ಅದು ಏನಾದ್ರೂ ಬರೆಯುತ್ತೆ. ಸುಮ್ನೆ ಎಳೀರಿ. ಈಗಲೇ! ಅಳೋದು ಆಮೇಲೆ."

ಅವಳು ಎಳೆದಳು. ಹಸಿರು ದೀಪ ಆರಿತು.

ಬಾಗಿಲು ತೆರೆದಾಗ ಅವನ ಕಣ್ಣನ್ನು ಎದುರಿಸುವ ಧೈರ್ಯ ಅವಳಿಗಿರಲಿಲ್ಲ. ಅವನು ನೇರ ಒಳಹೋಗಿ ಎರಡೂ ಡಿಸ್ಕ್‌ಗಳನ್ನು ಬಿಚ್ಚಿದ. ಒಂದನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿತ್ತ. "ಇದನ್ನ ಯಾರೂ ಮುಟ್ಟೋದು ಬೇಡ. ಇನ್ನೊಂದರಲ್ಲಿ ಹುಡುಕೋಣ."

"ಸಿಗುತ್ತಾ?"

"ಅಳಿಸಿದ ತಕ್ಷಣ ಅದು ನಿಜವಾಗಿ ಹೋಗಲ್ಲ, ಮೇಲೆ ಬೇರೆ ಏನಾದ್ರೂ ಬರೆಯೋ ತನಕ ಅಲ್ಲೇ ಇರುತ್ತೆ. ಎಷ್ಟು ಉಳಿದಿದೆ ಅಂತ... ಸುಳ್ಳು ಹೇಳಲ್ಲ, ಗೊತ್ತಿಲ್ಲ."

ಹುಡುಕಾಟ ನಡೆಯಿತು. ಅವಳು ಆಸ್ಪತ್ರೆಗೆ ಹೋಗಿ ಅಕ್ಕನ ಮುಂದೆ ನಗುವ ಮುಖ ಹೊತ್ತು ಕೂರುವಳು, ಬಂದು ಇಲ್ಲಿ ಪರದೆಯ ಮುಂದೆ ಕೂರುವಳು. ಸಿಕ್ಕಿದ್ದೆಲ್ಲ ಹೆಸರಿಲ್ಲದ ಚೂರುಗಳು. ಒಂದನ್ನು ಕೇಳಿದರೆ ಗರಗರ, ಇನ್ನೊಂದನ್ನು ಕೇಳಿದರೆ ಮೌನ. ಮತ್ತೊಂದು, ಮಗದೊಂದು... ಬರೀ ಗರಗರ.

"ಸಾಕು ಬಿಡಿ" ಎಂದಳು ಕೊನೆಗೆ. "ನನ್ನ ಕೈಯಾರೆ ಅವಳನ್ನ ಮೂಗಿ ಮಾಡಿದೆ. ನೀವು ಯಾಕೆ ಒದ್ದಾಡ್ತೀರಿ? ನಿಮ್ಮನ್ನ ಕಳ್ಳ ಅಂದೋಳು ನಾನು."

"ನನ್ನ ಸೋಮಾರಿತನಕ್ಕೆ ಅದು ನನ್ನ ಖಾತೇಲಿ ಉಳೀತು. ಅರ್ಧ ತಪ್ಪು ನಂದು."

"ಆವತ್ತು ಸುಮ್ನೆ ಅಳಿಸಿದ ಹಾಗೆ ಮಾಡಿ ಇಟ್ಕೋಬಹುದಿತ್ತು. ನಂಗೇನು ಗೊತ್ತಾಗ್ತಿತ್ತು?"

ಅವನು ಮೌಸಿನಿಂದ ಕೈ ತೆಗೆದ.

"ಇಟ್ಕೊಳ್ಳೋಣ ಅಂತ ಅನ್ನಿಸ್ತು. ಆದ್ರೆ ಮೊದಲು ಕೇಳದೆ ಇಟ್ಟಿದ್ದೆ. ಬೇಡ ಅಂದಮೇಲೂ ಇಟ್ಕೊಂಡಿದ್ರೆ, ನೀವಂದ ಆ ಮಾತು ನಿಜ ಆಗ್ತಿತ್ತು."

ಆಗ ಅವಳು ಅತ್ತಳು. ತಡೆದಿಟ್ಟದ್ದೆಲ್ಲ ಒಡೆದು, ಬಿಕ್ಕಿ ಬಿಕ್ಕಿ ಅತ್ತಳು. 'ಇಂಥವನನ್ನು ನಾನು... ದೇವರೇ!' ಅವನು ಮುಂದಿನ ಚೂರನ್ನು ಒತ್ತಿದ. ಮಾತಿಗಿಂತ ಕೆಲಸವೇ ಅವನಿಗೆ ಗೊತ್ತಿದ್ದ ಸಮಾಧಾನ.

ಗರಗರ. ಆಮೇಲೆ...

"ಏ ಕತ್ತೆ! ತಟ್ಟೆ ತೊಳೆದಿಡು ಅಂತ ಎಷ್ಟು ಸಲ ಹೇಳ್ಬೇಕೇ ನಿಂಗೆ?"

ಇಬ್ಬರೂ ಕಲ್ಲಾದರು.

"ಇನ್ನೊಂದ್ಸಲ..." ಎಂದಳು ಅವಳು, ಅವನ ತೋಳನ್ನು ಗಟ್ಟಿಯಾಗಿ ಹಿಡಿದು.

"ಏ ಕತ್ತೆ!" ಎಂದಳು ಅಕ್ಕ. ಅಷ್ಟು ಸಿಹಿಯಾದ ಬೈಗುಳವನ್ನು ಆ ಹುಡುಗಿ ಹುಟ್ಟಿದಾರಭ್ಯ ಕೇಳಿರಲಿಲ್ಲ.

ಎಲ್ಲವೂ ಸಿಗಲಿಲ್ಲ. ಅಕ್ಕ ಹಾಡಿದ್ದ ಹಾಡುಗಳು ಹೋದವು, ನಗು ಬಹುಪಾಲು ಹೋಯಿತು. ಆದರೆ ಮೆಶಿನ್ನಿಗೆ ಕಲಿಸುವಷ್ಟು ಮಾತು ಉಳಿದಿತ್ತು.

ಇನ್ನು ಅಕ್ಕನಿಗೆ ನಿಜ ಹೇಳಬೇಕಿತ್ತು. "ನಾನೂ ಬರ್ತೀನಿ. ಬೈಸಿಕೊಳ್ಳೋರು ಇಬ್ಬರಿದ್ರೆ ಪಾಲು ಕಡಿಮೆ" ಎಂದ ಅವನು.

ಆಸ್ಪತ್ರೆಯ ಮಂಚದ ಪಕ್ಕ ನಿಂತು ಇಬ್ಬರೂ ಒಂದನ್ನೂ ಮುಚ್ಚಿಡದೆ ಹೇಳಿದರು. ಅಕ್ಕನ ಮುಖ ಕಪ್ಪಿಟ್ಟಿತು. ಕಟ್ಟು ಹಾಕಿದ ಕತ್ತಿನ ಮೇಲೆ ಕೈಯಿಟ್ಟುಕೊಂಡು ಕಿಟಕಿಯತ್ತ ತಿರುಗಿದಳು. ಹಾಡು ಹೋಯಿತೆಂದಾಗ ಅವಳ ಭುಜ ಅಲುಗಿತು. ಸದ್ದಿಲ್ಲದ ಆ ಅಳುವನ್ನು ನೋಡಲಾಗದೆ ತಂಗಿ ಅವಳ ಕಾಲು ಹಿಡಿದು ಕುಳಿತಳು.

ಬಹಳ ಹೊತ್ತಿನ ಮೇಲೆ ಅಕ್ಕ ಫೋನ್ ಎತ್ತಿಕೊಂಡು ಟೈಪ್ ಮಾಡಿದಳು. ಮೊದಲು ಅವನಿಗೆ ತೋರಿಸಿದಳು.

'ಕೇಳಿದ್ದಿದ್ರೆ ಹೂಂ ಅಂತಿದ್ದೆ ಮೇಷ್ಟ್ರೇ. ಇನ್ಮೇಲೆ ಏನು ಬೇಕಿದ್ರೂ ಬಾಯಿ ಬಿಟ್ಟು ಕೇಳಿ. ಒಂದು ಕಾಪಿ ನಿಮ್ಮ ಹತ್ರ ಇರಲಿ.'

ಆಮೇಲೆ ತಂಗಿಗೆ. 'ಎದ್ದೇಳು ಕತ್ತೆ. ಹೋಗಿ ಇಬ್ಬರೂ ಏನಾದ್ರೂ ತಿನ್ನಿ.'

ಹೊರಗಿನ ಕಾರಿಡಾರಿನಲ್ಲಿ ಗಾಲಿಕುರ್ಚಿಗಳು ಸಾಗುತ್ತಿದ್ದವು. ಅವನು ನಾಲ್ಕು ಹೆಜ್ಜೆ ನಡೆದು ನಿಂತ.

"ಒಂದು ಕೇಳಬೇಕಿತ್ತು."

"ಏನು?"

"ಕೇಳದೆ ಇನ್ನೊಂದು ಕೆಲಸ ಮಾಡ್ಕೊಂಡು ಬಂದಿದೀನಿ. ಟೀ ಲೋಟ ಉರುಳಿಸಿದ ದಿನದಿಂದ." ಅವನು ಅವಳತ್ತ ತಿರುಗಿದ. "ನಿಮ್ಮನ್ನ ಪ್ರೀತಿಸ್ತಿದೀನಿ. ಈಗ ಕೇಳ್ತಿದೀನಿ... ಇಟ್ಕೊಳ್ಳಲಾ? ಬೇಡ ಅಂದ್ರೆ..."

"ಬೇಡ ಅಂದ್ರೆ ಅಳಿಸಿಬಿಡ್ತೀಯಾ?"

ಅವಳ ಬಾಯಲ್ಲಿ ಮೊದಲ ಸಲ ಬಂದ ಆ ಏಕವಚನಕ್ಕೆ ಅವನು ತಬ್ಬಿಬ್ಬಾದ.

ಅವಳು ಅವನ ಎದೆಗೆ ಹಣೆಯಿಟ್ಟಳು. ಓಡಾಡುವವರು ನೋಡಿದರೆ ನೋಡಲಿ!

"ಇದೊಂದನ್ನ ಅಳಿಸಬೇಡ ಕಣೋ" ಎಂದಳು. "ನಾಳೆ ನಾನೇ ಎದುರಿಗೆ ನಿಂತು ಕೂಗಾಡಿದ್ರೂ ಅಳಿಸಬೇಡ."

"ಇಲ್ಲ" ಎಂದ ಅವನು. "ನೀನು ಹೇಳಿದ್ರೂ ಇಲ್ಲ."