ಏಳನೇ ದಿನದ ಹೊಟ್ಟೆನೋವು

"ಗಣಿತ ಶುರುವಾಯ್ತು, ಶಾಂತಲಾಗೂ ಶುರುವಾಯ್ತು ಕಣ್ರಲಾ!" ಹಿಂದಿನ ಬೆಂಚಿನಿಂದ ಮಹೇಂದ್ರ ಕೂಗಿದ.

ಶಾಂತಲಾ ಹೊಟ್ಟೆ ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದಳು. ಸ್ಕೂಲಿನಲ್ಲಿ ಹಾಲು ಕುಡಿದ ಒಂದು ಗಂಟೆಗೆ ಗಣಿತ. ಅನುಮಾನ ಗಣಿತದ ಮೇಲೆ ಹೋಯಿತೇ ಹೊರತು ಹಾಲಿನ ಮೇಲೆ ಯಾರದೂ ಹೋಗಲಿಲ್ಲ.

"ಹೋಗ್ಬಾ," ಎಂದರು ಯಶೋದಾ ಮಿಸ್. "ದಿನಾ ಹಿಂಗಾದ್ರೆ ಖೋ-ಖೋ ಟೀಮಿಗೆ ಹೇಗಮ್ಮ ಸೇರಿಸ್ಕೊಳ್ಳೋದು?"

ಕೆ.ಆರ್. ನಗರದ ಡಾಕ್ಟರು ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಬೆಳಿಗ್ಗೆ ಏನು ಕುಡೀತೀಯ?" ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಕೆಲವರಿಗೆ ಅರಗುವುದಿಲ್ಲವಂತೆ. ಹತ್ತು ದಿನ ಹಾಲು ಬಿಡಬೇಕು. ಆಮೇಲೆ ಒಂದು ಲೋಟ ಕುಡಿದು ನೋಡಬೇಕು.

ಅಪ್ಪ ಬಸವರಾಜುಗೆ ಅವಮಾನವಾಯಿತು. ಊರಿನ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವವನು ಅವನೇ. ನೀರು ಬೆರೆಸಿದ್ದಾರೋ ಎಂದು ಎಲ್ಲರ ಕ್ಯಾನನ್ನೂ ಪೊಲೀಸಿನವನಂತೆ ನೋಡುತ್ತಿದ್ದವನು, ಹಾಲನ್ನೇ ಎಂದೂ ಅನುಮಾನಿಸಿರಲಿಲ್ಲ.

"ಡೈರಿಯೋನ ಮಗಳಿಗೆ ಹಾಲಾಗಲ್ಲ ಅಂದ್ರೆ ಊರೋರು ನಗಲ್ವಾ?"

"ಆ ಡಾಕ್ಟ್ರಿಗೇನು ಗೊತ್ತು, ಬುಡು," ಎಂದಳು ಅಜ್ಜಿ ರಾಚಮ್ಮ.

ಆರು ದಿನ ಹೊಟ್ಟೆ ತಣ್ಣಗಿತ್ತು. ಏಳನೇ ದಿನ ಗಣಿತದ ಹೊತ್ತಿಗೆ ಮತ್ತೆ ಗುಡುಗುಡು.

"ಹಾಲೇ ಮುಟ್ಟಿಲ್ಲ, ಆದ್ರೂ ನೋವಂತೆ! ಡ್ರಾಮಾ ಕಣ್ಲಾ!" ಮಹೇಂದ್ರ ಗೆದ್ದವನಂತೆ ನಕ್ಕ. ಮಿಸ್ ಖೋ-ಖೋ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು.

ಬೆಳಿಗ್ಗೆ ತಾನು ತಿಂದದ್ದನ್ನು ಶಾಂತಲಾ ನೆನಪು ಮಾಡಿಕೊಂಡಳು. ರಾಗಿ ಗಂಜಿ, ಅಷ್ಟೇ. ಆದರೆ ಗಂಜಿ ಯಾಕೋ ಬೆಳ್ಳಗಿತ್ತಲ್ಲ?

ಮರುದಿನ ಅವಳು ಅಡುಗೆಮನೆ ಬಾಗಿಲ ಹಿಂದೆ ನಿಂತಳು. ಅಜ್ಜಿ ಆಚೆ ಈಚೆ ನೋಡಿದಳು. ಸೆರಗಿನಡಿಯಿಂದ ಹಾಲಿನ ಲೋಟ ತೆಗೆದು ಗಂಜಿಗೆ ಸುರಿದಳು.

"ಅಜ್ಜೀ!"

ಲೋಟ ಕೆಳಗೆ ಬಿತ್ತು. "ಬೆಳೆಯೋ ಮಗ ಸೊರಗೋಯ್ತದೆ ಅಂತ ಕಣವ್ವ... ಒಂದೇ ಲೋಟ."

"ನೆನ್ನೆನೂ ಹಾಕಿದ್ಯಾ?"

"ಊಂ. ನೆನ್ನೆಯಿಂದ್ಲೇ."

ಕೋಪ ಬರಬೇಕಿತ್ತು. ಬರಲಿಲ್ಲ. ನಿನ್ನೆ ಹಾಲು ಕುಡಿದದ್ದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಡ್ರಾಮಾ ಮಾಡುವುದು ಹೇಗೆ? ಎಲ್ಲರೂ ಹೇಳಿ ಹೇಳಿ, ನೋವು ನಿಜವೋ ಸುಳ್ಳೋ ಎಂದು ಅವಳಿಗೂ ಸಂಶಯ ಬಂದುಬಿಟ್ಟಿತ್ತು.

"ಅಜ್ಜಿ, ಸ್ಕೂಲಿಗೆ ಬಂದು ಮಿಸ್ಸಿಗೆ ಹೇಳ್ತೀಯಾ?"

"ನಾ ಮಾಡಿದ್ ಕಳ್ಳತನಾನ ನಾನೇ ಯೋಳ್ಬೇಕಾ?"

"ಊಂ."

ರಾಚಮ್ಮ ಗೊಣಗುತ್ತಲೇ ಒಳ್ಳೆಯ ಸೀರೆ ಹುಡುಕಲು ಒಳಗೆ ಹೋದಳು. ಶಾಂತಲಾ ಹೊಸಿಲ ಮೇಲೆ ಕುಳಿತು ಹೊಟ್ಟೆಯ ಮೇಲೆ ಕೈಯಿಟ್ಟಳು, ಸುಮ್ಮಸುಮ್ಮನೆ ಬೈಸಿಕೊಂಡ ಗೆಳತಿಯ ಹೆಗಲ ಮೇಲೆ ಇಡುವ ಹಾಗೆ.