ಆರನೇ ಪಂಪ್‌ಹೌಸಿನ ಕರೆ

ಮೊದಲ ಭೇಟಿಯಲ್ಲೇ ಅವನು ವಾಂತಿ ಮಾಡಿಕೊಂಡ. ಅದೂ ಅವಳ ಬೂಟಿನ ಮೇಲೆ!

"ಛೀ!" ಎಂದು ಹಿಂದಕ್ಕೆ ಹಾರಿದಳು ಅವಳು.

"ಸಾರಿ ಮೇಡಂ... ಈ ವಾಸನೆ... ನಾನು ಅಂದ್ಕೊಂಡಿರ್ಲಿಲ್ಲ..."

"ಕೊಳಚೆ ನೀರಿನ ಘಟಕ ಇದು. ಮಲ್ಲಿಗೆ ತೋಟ ಅಂದ್ಕೊಂಡ್ರಾ?"

ಅವಳು ಅಲ್ಲಿನ ಆಪರೇಟರ್. ಐದು ವರ್ಷಗಳಿಂದ ಊರಿನ ಹೊಲಸನ್ನೆಲ್ಲ ನೋಡಿದ್ದಳು. ಅದಕ್ಕೆ ಅವಳು ಹೇಸುತ್ತಿರಲಿಲ್ಲ. ಅವಳಿಗೆ ಹೇಸಿಗೆ ಹುಟ್ಟಿಸುತ್ತಿದ್ದದ್ದು ಮೂಗು ಮುಚ್ಚಿಕೊಳ್ಳುವ ಜನ. ಹಿಂದೊಮ್ಮೆ ಅವಳನ್ನು ಹೆಣ್ಣು ನೋಡಲು ಬಂದಿದ್ದ ಹುಡುಗನ ತಾಯಿ, ಅವಳ ಕೆಲಸ ಏನೆಂದು ಕೇಳಿದ ಕೂಡಲೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಕುರ್ಚಿಯನ್ನೇ ದೂರ ಎಳೆದಿದ್ದಳು.

ಇವನೂ ಅದೇ ಜಾತಿಯವನು! ನನ್ನನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ ಇವನಿಗೆ...

ಅವನು ಹಳೆಯ ಕಂಪ್ಯೂಟರ್‌ಗಳನ್ನು ಬದುಕಿಸುವವನು. ಘಟಕದಲ್ಲಿ ಎಲ್ಲರೂ ಅವನಿಗೆ 'ಮೋಡೆಮ್' ಎಂದು ಹೆಸರಿಟ್ಟರು. ಊರಿನ ಕೊಳಚೆಯನ್ನು ಘಟಕಕ್ಕೆ ತಳ್ಳುವ ಒಂಬತ್ತು ಪಂಪ್‌ಹೌಸುಗಳಿಗೆ ಒಂದೊಂದಾಗಿ ಫೋನ್ ಮಾಡಿ, ಕೊಳಚೆ ಎಷ್ಟು ಎತ್ತರಕ್ಕೆ ಬಂದಿದೆ ಎಂದು ಕೇಳುವ ಹಳೆಯ ಪ್ರೋಗ್ರಾಂ ಒಂದಿತ್ತು. ಅದನ್ನು ಬರೆದವರು ಈಗ ಇರಲಿಲ್ಲ. ಟೆಲಿಫೋನ್ ಲೈನುಗಳೂ ಹೋದವು, ಹಳೆಯ ಕಂಪ್ಯೂಟರೂ ಸತ್ತಿತು. ಪಂಪ್‌ಹೌಸುಗಳಿಗೆ ಇಂಟರ್ನೆಟ್ ಬಂದಿತ್ತು. ಆದರೆ ಆ ಪ್ರೋಗ್ರಾಂಗೆ, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಬಿಟ್ಟರೆ ಬೇರೆ ಯಾರ ಜೊತೆಗೂ ಮಾತು ಬರುತ್ತಿರಲಿಲ್ಲ. ಅದಕ್ಕೇ ಅವನನ್ನು ಕರೆಸಿದ್ದರು.

"ಪಂಪ್‌ಹೌಸುಗಳ ವಿಳಾಸ ಬೇಕಿತ್ತು," ಎಂದ ಅವನು, ಕರವಸ್ತ್ರದ ಹಿಂದಿನಿಂದ.

ಆ ಕರವಸ್ತ್ರ ನೋಡಿಯೇ ಅವಳಿಗೆ ಮೈ ಉರಿಯಿತು. ಪೆನ್ನು ಕಿತ್ತುಕೊಂಡು ಒಂಬತ್ತು ಇಂಟರ್ನೆಟ್ ವಿಳಾಸಗಳನ್ನು ಗೀಚಿ, ಹಾಳೆಯನ್ನು ಅವನ ಮುಂದೆ ಎಸೆದಳು.

ನಾಲ್ಕು ದಿನ ಅವನು ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತು ಕೆಲಸ ಮಾಡಿದ. ದಿನಕ್ಕೆರಡು ಸಲ ಹೊರಗೋಡಿ ವಾಂತಿ ಮಾಡಿ, ಕಣ್ಣು ಕೆಂಪಗೆ ಮಾಡಿಕೊಂಡು ಮರಳಿ ಬರುತ್ತಿದ್ದ. ಅಸಹ್ಯ! ಆದರೂ ಬರುತ್ತಿದ್ದನಲ್ಲ...

ಐದನೇ ದಿನ, "ಮೂರನೇ ಪಂಪಿಗೆ ಕಾಲ್ ಮಾಡಿ ನೋಡಿ," ಎಂದ.

ಅವಳು ಗುಂಡಿ ಒತ್ತಿದಳು. ಹೊಸ ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ಹಸಿರು ಅಕ್ಷರಗಳು ಮೂಡಿದವು. ಡಯಲ್ ಆಗುತ್ತಿದೆ... ಸಂಪರ್ಕವಾಯಿತು!

"ಹೇಗೆ ಮಾಡಿದ್ರಿ?"

"ನನ್ನ ಸಾಫ್ಟ್‌ವೇರ್ ಮೋಡೆಮ್ ಥರ ನಾಟಕ ಆಡತ್ತೆ. ಫೋನ್ ನಂಬರ್ ಕೇಳಿಸ್ಕೊಂಡು, ಪಟ್ಟಿಲಿರೋ ವಿಳಾಸಕ್ಕೆ ಇಂಟರ್ನೆಟ್‌ನಲ್ಲಿ ಕಳಿಸತ್ತೆ. ಲೈನ್ ಕಿತ್ತಾಕಿದ್ದು ಪಾಪ, ಪ್ರೋಗ್ರಾಂಗೆ ಇನ್ನೂ ಗೊತ್ತಿಲ್ಲ."

ಅವಳಿಗೆ ನಗು ಬಂತು. ಅವನು ಅವಳನ್ನೇ ನೋಡುತ್ತಿದ್ದ. ಅವಳೂ ನೋಟ ಕದಲಿಸಲಿಲ್ಲ... ಅಷ್ಟರಲ್ಲಿ ಅವನ ಕರವಸ್ತ್ರ ಮತ್ತೆ ಮೂಗಿಗೇರಿತು. ಅವಳ ನಗು ಅಲ್ಲೇ ಸತ್ತಿತು.

ಮುಂದಿನ ವಾರ ಒಂದು ಬೆಳಿಗ್ಗೆ ಎಚ್ಚರಿಕೆ ಬಂತು: ಒಂಬತ್ತನೇ ಪಂಪ್‌ಹೌಸ್ ತುಂಬುತ್ತಿದೆ! ಅವಳು ಪಂಪ್ ರಿಪೇರಿ ಮಾಡುವ ಫಿಟ್ಟರ್ ಮಾಮನನ್ನು ಅಲ್ಲಿಗೆ ಅಟ್ಟಿದಳು. ಅಲ್ಲಿ ಎಲ್ಲ ಸರಿಯಾಗಿತ್ತು. ಉಕ್ಕಿದ್ದು ಆರನೆಯದು. ಗಂಟೆಯೊಳಗೆ ಆ ಓಣಿಯ ಮನೆಗಳ ಅಡುಗೆಕೋಣೆಗೆ ಹೊಲಸು ನುಗ್ಗಿತ್ತು.

ಅವನನ್ನು ಕರೆಸಿ ಎಲ್ಲರೆದುರೇ ಬೆವರಿಳಿಸಿದಳು.

"ಆರಕ್ಕೆ ಕಾಲ್ ಮಾಡಿದ್ರೆ ಒಂಬತ್ತು ಉತ್ತರ ಕೊಡ್ತಿದೆ! ಪಂಪ್‌ಹೌಸ್ ಹತ್ರ ಹೋಗೋಕೆ ಅಸಹ್ಯ ಅಂತ ಕೂತಲ್ಲೇ ವಿಳಾಸ ತುಂಬಿದ್ರಲ್ಲ! ನಿಮ್ಮಂಥವ್ರನ್ನ ಕಂಡ್ರೆ ನನಗೆ ವಾಕರಿಕೆ ಬರತ್ತೆ!"

ಅವನ ಮುಖ ಬಿಳಿಚಿತು. ಎರಡು ವಿಳಾಸಗಳನ್ನು ಸರಿಪಡಿಸಿ ಹೊರಟುಹೋದ.

ಫಿಟ್ಟರ್ ಮಾಮ ಮೇಜಿನ ಮೇಲಿದ್ದ ವಿಳಾಸಗಳ ಹಾಳೆಯನ್ನು ಅವಳ ಮುಂದೆ ಹಿಡಿದ.

"ಇದ್ಯಾರ ಅಕ್ಷರ ನೋಡಮ್ಮ."

ಅವಳದೇ! ಅವಸರದ, ಸಿಟ್ಟಿನ ಗೀಚು. ಆರರ ವಿಳಾಸ ಒಂಬತ್ತರ ಮುಂದೆ, ಒಂಬತ್ತರದು ಆರರ ಮುಂದೆ...

ನಾನೇ... ನಾನೇ ಆ ಮನೆಗಳಿಗೆ ಹೊಲಸು ನುಗ್ಗಿಸಿದ್ದು! ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಸಿಂಕಿಗೆ ಬಗ್ಗಿ ವಾಂತಿ ಮಾಡಿದಳು.

ಬಾಯಿ ತೊಳೆದು, ಕೆಲಸದ ಕೈಗವಸು ತೊಟ್ಟು ನೇರ ಆ ಓಣಿಗೆ ಓಡಿದಳು. ಮೊದಲ ಮನೆಯಲ್ಲೇ ಅವನಿದ್ದ! ಒಬ್ಬ ಅಜ್ಜಿಯ ಅಡುಗೆಕೋಣೆಯಲ್ಲಿ, ಮೊಣಕಾಲುದ್ದ ಕಪ್ಪು ನೀರಿನಲ್ಲಿ ನಿಂತು ಬಕೆಟಿನಿಂದ ಎತ್ತಿ ಹಾಕುತ್ತಿದ್ದ.

"ತಪ್ಪು ನಂದು," ಎಂದಳು. "ಬರೆದಿದ್ದು ನಾನೇ. ಯಾಕೆ ಹೇಳ್ಲಿಲ್ಲ?"

"ಅರ್ಧ ನಂದೂ ಇದೆ. ಒಂದೊಂದು ಪಂಪಿಗೂ ಹೋಗಿ ನೋಡ್ಬೇಕಿತ್ತು. ನಾತಕ್ಕೆ ಹೆದರಿ ಹೋಗ್ಲಿಲ್ಲ. ನೀವಂದಿದ್ದು ನಿಜಾನೇ."

"ಅಂದ್ರೆ... ಅಸಹ್ಯ ಆಗತ್ತೆ."

"ಆಗತ್ತೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಈ ನೀರು ಕಂಡ್ರೆ. ನಿಮ್ಮನ್ನ ಕಂಡ್ರೆ ಅಲ್ಲ." ಅವನು ಬಕೆಟ್ ಕೆಳಗಿಟ್ಟ. "ಎರಡೇ ದಿನದ ಕೆಲಸ ಅದು. ನಾಲ್ಕು ದಿನ ಎಳೆದೆ. ದಿನಾ ವಾಂತಿ ಮಾಡ್ಕೊಂಡಾದ್ರೂ ನಿಮ್ಮ ಪಕ್ಕ ಕೂರಬೇಕು ಅನ್ನಿಸ್ತಿತ್ತು..."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಎತ್ತಿದವಳು ಕೈಗವಸು ನೋಡಿ ನಿಲ್ಲಿಸಿದಳು.

"ನಾನು ಈ ಕೆಲಸ ಬಿಡಲ್ಲ. ದಿನಾ ಹೀಗೇ ನಾರ್ತಾ ಮನೆಗೆ ಬರ್ತೀನಿ."

"ಬನ್ನಿ. ಬಾಗಿಲು ತೆಗೀತೀನಿ."

"ಮೂಗು ಮುಚ್ಕೊಂಡಾ?"

"ಮೊದಲೊಂದು ವಾರ ಮುಚ್ಕೋಬಹುದೇನೋ..."

ಅವಳು ಅಳುತ್ತಲೇ ನಕ್ಕಳು. ಒಲೆಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದ ಅಜ್ಜಿ ಗದರಿದಳು: "ನೀರು ಖಾಲಿಯಾದ್ಮೇಲೆ ಮಾತಾಡ್ಕೊಳ್ರೋ!"

ಅವಳೂ ಬಕೆಟ್ ಎತ್ತಿಕೊಂಡು ಅವನ ಪಕ್ಕಕ್ಕೆ ಇಳಿದಳು.

"ನಿಮ್ಮ ಅಮ್ಮನ ಹತ್ರ ಮಾತಾಡೋಕೆ ಯಾವಾಗ ಬರ್ಲಿ?" ಅವನು ಪಿಸುಗುಟ್ಟಿದ.

"ಇವತ್ತು ಸಂಜೆನೇ. ಸ್ನಾನ ಮಾಡ್ಕೊಂಡು ಬನ್ನಿ."

"ಎರಡು ಸಲ ಮಾಡ್ತೀನಿ."

"ಒಂದು ಸಲ ಸಾಕು," ಎಂದಳು ಅವಳು ಮೆಲ್ಲಗೆ. "ನನಗೆ ಅಭ್ಯಾಸ ಇದೆ."